ಎ.ವಿ. ಕೇಬಲ್ಲಿನ ಪಿನ್ನು ಮುರಿದಿದೆ, ಮನೆಯಲ್ಲೇ ಹೊಸ ಪಿನ್ನು ಹಾಕಬಹುದಾ?

ಕೊಡಚಾದ್ರಿ ಬುಡ:

ನಮಸ್ಕಾರ. ಹಳದಿ-ಬಿಳಿ-ಕೆಂಪು ಪಿನ್ನಿನ ಆರ್‌ಸಿಎ ಕೇಬಲ್ಲು, ಉದ್ದ 3 ಮೀಟರ್. ವಿಸಿಆರ್‌ನಿಂದ ಕಂಪ್ಯೂಟರಿನ ಕ್ಯಾಪ್ಚರ್ ಡಬ್ಬಿಗೆ ಹಾಕಿರುವುದು. ಅಟ್ಟದ ಮೇಲಿದ್ದ ಯಕ್ಷಗಾನದ, ಮದುವೆ-ಮುಂಜಿಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಫೈಲ್ ಮಾಡಿಟ್ಟುಕೊಳ್ಳಬೇಕು. ಕೇಬಲ್ಲೂ ಅದೇ ಅಟ್ಟದಲ್ಲಿ ನಾಲ್ಕೈದು ಮಳೆಗಾಲ ಕಳೆದಿದೆ.

ಈಗಿನ ಸ್ಥಿತಿ ಹೀಗಿದೆ. ಹಳದಿಯನ್ನು ಮುಟ್ಟಿದರೆ ಚಿತ್ರ ಉರುಳುತ್ತದೆ, ಕೆಲವು ಸಲ ಪೂರ್ತಿ ನೀಲಿ ಪರದೆ. ಬಿಳಿಯಲ್ಲಿ ಗುಂಯ್ ಎಂಬ ಸದ್ದು, ಭಾಗವತರ ಪದ ಅದರ ಹಿಂದೆ ಎಲ್ಲೋ ಕೇಳುತ್ತದೆ. ಕೆಂಪಿನ ನಡುವಿನ ಕಡ್ಡಿ ಕ್ಯಾಪ್ಚರ್ ಡಬ್ಬಿಯ ತೂತಿನೊಳಗೇ ಮುರಿದು ಕೂತಿದೆ. ವಿಸಿಆರ್ ಹಿಂದೆ ಎರಡೇ ತೂತು, ಒಂದು ವಿಡಿಯೋ, ಒಂದು ಆಡಿಯೋ.

ಮುರಿದ ಕೆಂಪು ಪಿನ್ನನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಒಳಗಿನ ಎಳೆಗಳು ಕಪ್ಪಾಗಿವೆ, ಸೋಲ್ಡರ್ ಹಿಡಿಯುವುದಿಲ್ಲ, ಮುತ್ತಿನ ಹಾಗೆ ಉರುಳಿ ಬೀಳುತ್ತದೆ. ಕೈಯಲ್ಲಿರುವುದು 25 ವ್ಯಾಟಿನ ಐರನ್, 60/40 ಸೋಲ್ಡರ್ ಸುರುಳಿ, ಸಾಧಾರಣ ಡಿಜಿಟಲ್ ಮೀಟರ್. ಡಿಶ್ ಹಾಕಿದಾಗ ಉಳಿದ ದಪ್ಪ ಕೇಬಲ್ಲೂ ಹತ್ತು ಮೀಟರ್ ಇದೆ, ಅದು ಬರುತ್ತದಾ? ಕಡ್ಡಿ ತೆಗೆಯುವುದು ಹೇಗೆ? ಹೊಸ ಕೇಬಲ್ ತಗೊಳ್ಳಿ ಅನ್ನಬೇಡಿ, ಈ ಮಳೆಯಲ್ಲಿ ಪೇಟೆಗೆ ಹೋಗಿ ಬರುವುದೇ ಒಂದು ದಿನದ ಕೆಲಸ.

ಸೀಸದ ಕಡ್ಡಿ:

ಐರನ್ ಬಿಸಿಗೆ ಇಡುವ ಮೊದಲು ಒಂದು ಮಾತು. ವಿಸಿಆರ್ ಹಿಂದೆ ಎರಡೇ ತೂತು ಅಂದರೆ ಅದು ಮೋನೋ, ಸದ್ದು ಒಂದೇ ಚಾನೆಲ್ಲಿನದು. ನಿಮಗೆ ಬೇಕಾದ್ದು ಎರಡು ತಂತಿ, ಮೂರಲ್ಲ. ಪಿನ್ನಿನ ಬಣ್ಣ ಗುರುತಿಗೆ ಮಾತ್ರ. ಒಳ್ಳೆಯ ಕೇಬಲ್ಲಿನಲ್ಲಿ ಹಳದಿ ತಂತಿ ಮಾತ್ರ 75 ಓಮಿನ ಕೋಆಕ್ಸ್ (ನಡುವೆ ಒಂದು ತಂತಿ, ಸುತ್ತ ಜಾಲರಿ ಇರುವ ಕೇಬಲ್) ಆಗಿರುತ್ತದೆ, ಅಗ್ಗದ್ದರಲ್ಲಿ ಮೂರೂ ಒಂದೇ. ವಿಎಚ್‌ಎಸ್ ಕೊಡುವ ಚಿತ್ರದ ಬ್ಯಾಂಡ್‌ವಿಡ್ತ್ ಸುಮಾರು 3 ಮೆಗಾಹರ್ಟ್ಸ್, ಅಡ್ಡಲಾಗಿ ಸುಮಾರು 240 ಗೆರೆ. 3 ಮೀಟರ್ ದೂರಕ್ಕೆ ಯಾವ ತಂತಿಯಲ್ಲಿ ಕಳಿಸಿದರೂ ಕಣ್ಣಿಗೆ ವ್ಯತ್ಯಾಸ ಕಾಣದು. ಹಾಗಾಗಿ ಮೂರರಲ್ಲಿ ಯಾವ ಎರಡು ಚೆನ್ನಾಗಿ ಉಳಿದಿವೆಯೋ ಅವನ್ನು ಬಳಸಿ. ಕೆಂಪನ್ನು ಕೈ ಪಳಗಿಸಿಕೊಳ್ಳಲು ಇಟ್ಟುಕೊಳ್ಳಿ, ಕೆಟ್ಟರೂ ನಷ್ಟವಿಲ್ಲ.

ಈಗ ಲಕ್ಷಣದಿಂದ ರೋಗಕ್ಕೆ ಬರೋಣ. ಆರ್‌ಸಿಎಯಲ್ಲಿ ಇರುವುದೇ ಎರಡು ಸಂಪರ್ಕ: ನಡುವಿನ ಕಡ್ಡಿ ಸಿಗ್ನಲ್, ಸುತ್ತಲಿನ ಬಳೆ ಗ್ರೌಂಡ್. ಗುಂಯ್ ಸದ್ದು ಬಂದರೆ ಗ್ರೌಂಡ್ ಕಡಿದಿದೆ ಎಂದೇ ಮೊದಲು ಅನುಮಾನಿಸಿ. ಶೀಲ್ಡ್ (ನಡುವಿನ ತಂತಿಯ ಸುತ್ತ ಇದ್ದು ಬಳೆಗೆ ಸೇರುವ ಎಳೆಗಳು) ಬಿಟ್ಟುಹೋದ ತಂತಿ ಮನೆಯ ವೈರಿಂಗಿನ 50 ಹರ್ಟ್ಸನ್ನು ಆಂಟೆನಾ ಹಾಗೆ ಹಿಡಿಯುತ್ತದೆ. ನಡುವಿನ ತಂತಿ ಕಡಿದರೆ ಸದ್ದೇ ಇರುವುದಿಲ್ಲ, ಅಥವಾ ತೀರಾ ತೆಳುವಾದ ಕೀಚಲು ದನಿ. ನಡುವಿನದು ಬಳೆಗೆ ತಾಗಿದ್ದರೂ ಮೌನವೇ, ಮೀಟರ್ ಇಟ್ಟ ಹೊರತು ಇವೆರಡನ್ನು ಬೇರೆ ಮಾಡಲಾಗದು. ವಿಡಿಯೋದಲ್ಲಿ ಚಿತ್ರ ಉರುಳುವುದು ಸಿಂಕ್ ಪಲ್ಸ್ (ಚಿತ್ರ ಎಲ್ಲಿ ಶುರು ಎಂದು ತಿಳಿಸುವ ಸಂಕೇತ) ಸರಿಯಾಗಿ ತಲುಪದಿದ್ದಾಗ. ಪೂರ್ತಿ ಸಿಗ್ನಲ್ಲೇ 1 ವೋಲ್ಟ್, ಅದರಲ್ಲಿ ಸಿಂಕ್‌ನ ಪಾಲು 0.3 ವೋಲ್ಟ್. ಸಂಪರ್ಕ ಸ್ವಲ್ಪ ಅಲುಗಾಡಿದರೂ ಕ್ಯಾಪ್ಚರ್ ಡಬ್ಬಿ ಲೆಕ್ಕ ತಪ್ಪಿ ನೀಲಿ ಪರದೆ ತೋರಿಸುತ್ತದೆ. ಹಳೆ ಪಿಕ್ಚರ್ ಟ್ಯೂಬಿನ ಟಿವಿ ಇಷ್ಟು ಹಟ ಮಾಡುತ್ತಿರಲಿಲ್ಲ, ಹೇಗೋ ಎಳೆದುಕೊಂಡು ಹೋಗುತ್ತಿತ್ತು. ಅದೇ ಕೇಬಲ್ಲು ಟಿವಿಗೆ ಸರಿಯಿತ್ತು, ಕಂಪ್ಯೂಟರಿಗೆ ಆಗುತ್ತಿಲ್ಲ ಎಂದು ಜನ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಮೀಟರ್ ಬೀಪ್ ಅಂದ ಕೂಡಲೇ ನಂಬಬೇಡಿ. ಹೆಚ್ಚಿನ ಮೀಟರುಗಳು ಹತ್ತಾರು ಓಮ್ ಇದ್ದರೂ ಬೀಪ್ ಅನ್ನುತ್ತವೆ. 200 ಓಮಿನ ರೇಂಜಿಗೆ ತಿರುಗಿಸಿ, ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ಬರುತ್ತದೆ ನೋಡಿ, ಸಾಮಾನ್ಯವಾಗಿ 0.3ರಿಂದ 0.5. ಆಮೇಲೆ ಕೇಬಲ್ಲಿನ ಒಂದು ತುದಿಯಿಂದ ಇನ್ನೊಂದಕ್ಕೆ, ಪಿನ್ನಿನ ಕಡ್ಡಿಯಿಂದ ಕಡ್ಡಿಗೆ, ಬಳೆಯಿಂದ ಬಳೆಗೆ ಅಳೆಯಿರಿ. 3 ಮೀಟರ್ ತೆಳು ತಂತಿಗೆ ಒಂದು ಓಮಿನ ಆಸುಪಾಸು ಹೆಚ್ಚಾದರೆ ಸರಿ. ಐದು, ಹತ್ತು ಅಂತ ಬಂದರೆ, ಅಥವಾ ತಂತಿ ಬಗ್ಗಿಸಿದಾಗ ಅಂಕಿ ಕುಣಿದರೆ, ಅಲ್ಲಿ ಎಳೆಗಳು ಹರಿದಿವೆ. ಕೊನೆಗೆ ಕಡ್ಡಿಗೂ ಬಳೆಗೂ ನಡುವೆ ಇಟ್ಟು ನೋಡಿ, ಏನೂ ಬರಬಾರದು.

ತಂತಿ ಕಡಿಯುವುದು ಹೆಚ್ಚಾಗಿ ಪಿನ್ನಿನ ಬುಡದಿಂದ ಎರಡು-ಮೂರು ಸೆಂಟಿಮೀಟರ್ ಒಳಗೆ. ಗಟ್ಟಿ ಪ್ಲಾಸ್ಟಿಕ್ ಮುಗಿದು ಮೆತ್ತನೆ ತಂತಿ ಶುರುವಾಗುವ ಜಾಗದಲ್ಲೇ ಬಗ್ಗುವುದೆಲ್ಲ ಆಗುತ್ತದೆ. ಎರಕ ಹೊಯ್ದ ಪಿನ್ನನ್ನು ಬಿಚ್ಚಿ ಸರಿಮಾಡಲು ಹೋಗಬೇಡಿ, ಬುಡದಿಂದ 5 ಸೆಂಟಿಮೀಟರ್ ಬಿಟ್ಟು ಕತ್ತರಿಸಿ.

ಬೇಕಾದ್ದು: ಲೋಹದ ಮುಚ್ಚಳ ತಿರುಗಿಸುವ ಆರ್‌ಸಿಎ ಮೇಲ್ ಪಿನ್ನು ನಾಲ್ಕು (ಎರಡು ಸಾಕು, ಒಂದೆರಡು ಕೆಡುತ್ತವೆ), 0.8 ಮಿಲಿಮೀಟರ್ ಸೋಲ್ಡರ್, ಚಿಕ್ಕ ಡಬ್ಬಿ ಫ್ಲಕ್ಸ್ (ಸೋಲ್ಡರ್ ಹಿಡಿಯಲೆಂದು ಹಚ್ಚುವ ರಾಳ), 3 ಮತ್ತು 6 ಮಿಲಿಮೀಟರ್ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ) ಸ್ಲೀವ್ ತಲಾ ಒಂದು ಗೇಣು. ಪಿನ್ನು ತಾಲೂಕು ಪೇಟೆಯ ರೇಡಿಯೋ-ಟಿವಿ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಬಸ್ಸಿನಲ್ಲಿ ಯಾರಾದರೂ ಬರುವವರಿಗೆ ಹೇಳಿ ಕಳಿಸಿ.

ಕೆಲಸದ ಕ್ರಮ. ಮುಚ್ಚಳ, ಅದರ ಸ್ಪ್ರಿಂಗು, ಸ್ಲೀವ್ ಇವನ್ನು ಮೊದಲು ತಂತಿಗೆ ಪೋಣಿಸಿ. ಮತ್ತೆ ಹೇಳುತ್ತೇನೆ, ಮೊದಲು. ಹೊರಗಿನ ಸಿಪ್ಪೆ 12 ಮಿಲಿಮೀಟರ್ ತೆಗೆಯಿರಿ. ಬ್ಲೇಡನ್ನು ಒತ್ತಿ ಸುತ್ತಬೇಡಿ, ಗೀರು ಹಾಕಿ ಬಗ್ಗಿಸಿದರೆ ಸಿಪ್ಪೆ ತಾನೇ ಬಿರಿಯುತ್ತದೆ. ಸುತ್ತಿದ ಬರಿ ತಾಮ್ರದ ಎಳೆಗಳನ್ನು, ಅಂದರೆ ಶೀಲ್ಡನ್ನು, ಒಂದು ಕಡೆ ಸೇರಿಸಿ ಹೊಸೆಯಿರಿ. ಒಂದೇ ಒಂದು ಎಳೆ ತಪ್ಪಿ ಉಳಿದರೂ ಅದೇ ಮುಂದೆ ನಡುವಿನ ಕಡ್ಡಿಗೆ ತಾಗುತ್ತದೆ. ಒಳಗಿನ ತಂತಿಯ ಸಿಪ್ಪೆ 3 ಮಿಲಿಮೀಟರ್ ಮಾತ್ರ ತೆಗೆಯಿರಿ, ಬಿಸಿಗೆ ಅದು ಇನ್ನೂ ಒಂದೆರಡು ಮಿಲಿಮೀಟರ್ ಹಿಂದೆ ಸರಿಯುತ್ತದೆ. ಎರಡಕ್ಕೂ ಬೇರೆ ಬೇರೆ ಸೋಲ್ಡರ್ ಕುಡಿಸಿ.

ಪಿನ್ನಿನ ಕಡೆಗೂ ಹಾಗೆಯೇ. ಬಳೆಯಿಂದ ಹಿಂದಕ್ಕೆ ಬಂದ ಉದ್ದ ಬಾಲದ ಒಳಮೈಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ಸೋಲ್ಡರ್ ಹಚ್ಚಿಟ್ಟುಕೊಳ್ಳಿ. ಹಿತ್ತಾಳೆಯ ದಪ್ಪ ತಗಡು ಅದು, ಬಿಸಿಯೆಲ್ಲ ಹೀರಿಕೊಳ್ಳುತ್ತದೆ, 25 ವ್ಯಾಟಿಗೆ ಏದುಸಿರು ಬರುವುದು ಇಲ್ಲಿಯೇ. ಪಿನ್ನನ್ನು ಕೈಯಲ್ಲಿ ಹಿಡಿಯದೆ ಕೆಟ್ಟ ಡಿವಿಡಿ ಪ್ಲೇಯರಿನ ತೂತಿಗೆ ಸಿಕ್ಕಿಸಿ ಬೆಸುಗೆ ಹಾಕಿ. ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ಕಡ್ಡಿ ನೆಟ್ಟಗೆ ನಡುವೆಯೇ ನಿಲ್ಲುತ್ತದೆ. ಮೊದಲು ನಡುವಿನ ತಂತಿ, ಎರಡು-ಮೂರು ಸೆಕೆಂಡು, ಅಷ್ಟರಲ್ಲಿ ಹರಿಯದಿದ್ದರೆ ತೆಗೆದು, ಆರಲು ಬಿಟ್ಟು, ಫ್ಲಕ್ಸ್ ಹಚ್ಚಿ ಮತ್ತೆ. ಐರನ್ ತಾಗಬೇಕಾದ್ದು ಲೋಹಕ್ಕೆ, ಸೋಲ್ಡರ್ ತಾಗಬೇಕಾದ್ದೂ ಲೋಹಕ್ಕೆ. ಐರನ್ನಿನ ಬಿಟ್ಟಿಗೆ (ಬಿಸಿ ತುದಿಗೆ) ಸೋಲ್ಡರ್ ಕರಗಿಸಿ ಒರೆಸಿದರೆ ಅದು ಬೆಸುಗೆಯಲ್ಲ, ಅಂಟು ಮೆತ್ತಿದ ಹಾಗೆ. ನಂತರ ಶೀಲ್ಡನ್ನು ಬಾಲಕ್ಕೆ. ಆರಿದ ಮೇಲೆ ಬಾಲದ ತುದಿಯ ರೆಕ್ಕೆಗಳನ್ನು ನೋಸ್ ಪ್ಲೈಯರಿನಿಂದ ಹೊರಸಿಪ್ಪೆಯ ಮೇಲೆ ಮಡಚಿ. ಜಗ್ಗಿದರೆ ಜಾರಬಾರದು, ಅಷ್ಟು ಸಾಕು. ಬಲವಾಗಿ ಅಮುಕಿದರೆ ಸಿಪ್ಪೆ ಸೀಳಿ ಒಳಗೇ ಶಾರ್ಟ್ ಆಗುತ್ತದೆ. ಮುಚ್ಚಳ ತಿರುಗಿಸುವ ಮೊದಲು ಒಮ್ಮೆ, ತಿರುಗಿಸಿದ ಮೇಲೆ ಒಮ್ಮೆ ಮೀಟರ್ ಇಡಿ, ಯಾಕೆಂದರೆ ಮುಚ್ಚಳ ಬಿಗಿಯುವಾಗ ತಂತಿಯೂ ತಿರುಚಿಕೊಳ್ಳುತ್ತದೆ.

ತೀರ್ಥಹಳ್ಳಿ ಮೈಕ್‌ಸೆಟ್:

ಮೇಲಿನವರು ಹೇಳಿದ್ದೆಲ್ಲ ಸರಿ ಮಾರಾಯ್ರೆ, ಆದ್ರೆ ಸಂಜೆ ಏಳು ಗಂಟೆಗೆ ಮಾಡೋಕೆ ಕೂರಬೇಡಿ. ನಮ್ಮ ಕಡೆ ಲೈನಿನ ಕೊನೆ ಮನೆಗಳಲ್ಲಿ ವೋಲ್ಟೇಜು 180ಕ್ಕೆ ಇಳಿಯೋದು ಹೊಸತಲ್ಲ. 230ಕ್ಕೆ 25 ವ್ಯಾಟ್ ಇರೋ ಐರನ್ನು 180ರಲ್ಲಿ 15 ವ್ಯಾಟ್ ಅಷ್ಟೆ, ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಬೀಳುತ್ತೆ. ಸೋಲ್ಡರ್ ಕರಗುತ್ತೆ, ಆದ್ರೆ ಬಾಲದ ತಗಡು ಬಿಸಿಯಾಗಲ್ಲ. ನೀವು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಹಿಡ್ಕೊಂಡೇ ಇರ್ತೀರಿ, ಒಳಗಿನ ಪ್ಲಾಸ್ಟಿಕ್ ಪಾಯಸ ಆಗುತ್ತೆ. ಕಮ್ಮಿ ಬಿಸಿಲಿ ಜಾಸ್ತಿ ಹೊತ್ತು ಅನ್ನೋದೇ ಪಿನ್ನು ಕೆಡಿಸೋದು. ಬೆಳಿಗ್ಗೆ ಮಾಡಿ, ಇಲ್ಲ ಇನ್ವರ್ಟರ್ ಮೇಲೆ ಮಾಡಿ. ಐರನ್ನಿಗೆ ಸೈನ್ ವೇವ್ ಇನ್ವರ್ಟರೇ ಬೇಕು ಅಂತೇನಿಲ್ಲ.

ಐದು ನಿಮಿಷ ಕಾದ ಮೇಲೆ ಬಿಟ್ಟನ್ನು ಒದ್ದೆ ಹತ್ತಿಬಟ್ಟೆಗೆ ಒರೆಸಿ ಸೋಲ್ಡರ್ ಹಚ್ಚಿ. ಬೆಳ್ಳಿ ಹಾಗೆ ಹೊಳೆದರೆ ಶುರು ಮಾಡಿ. ಕಪ್ಪಾಗೇ ಇದ್ರೆ ಆ ಬಿಟ್ಟಿನಿಂದ ಬಿಸಿ ದಾಟಲ್ಲ. ತಾಮ್ರದ ಬಿಟ್ಟಾದ್ರೆ ಅರ ಹಾಕಿ ಹೊಸ ಮುಖ ಮಾಡಬಹುದು, ಕಬ್ಬಿಣದ ಲೇಪ ಇರೋದಕ್ಕೆ ಅರ ತಾಗಿಸಬೇಡಿ.

ಕಿಟಕಿ ತೆಗೆದಿಡಿ, ಹೊಗೆ ಮೂಗಿಗೆ ಬರದ ಹಾಗೆ ಪಕ್ಕಕ್ಕೆ ಕೂತ್ಕೊಳ್ಳಿ. ಕವಳ ಹಾಕೋ ಅಭ್ಯಾಸ ಇದ್ರೆ ಕೈ ತೊಳೆದ ಮೇಲೆ ಹಾಕಿ. 60/40 ಅಂದ್ರೆ ನೂರಕ್ಕೆ ನಲವತ್ತು ಪಾಲು ಸೀಸ.

ವರದಾಮೂಲ:

ಕಪ್ಪಾದ ತಾಮ್ರಕ್ಕೆ ಹುಣಸೆಹಣ್ಣು ಸಾಕಲ್ಲ? ಬಚ್ಚಲ ಹಂಡೆ ತಿಕ್ಕುವ ಹಾಗೆ ಸ್ವಲ್ಪ ಉಪ್ಪು, ಹುಳಿ ಹಚ್ಚಿ ತೊಳೆದರೆ ಎರಡು ನಿಮಿಷದಲ್ಲಿ ಕೆಂಪಗೆ ಬರುತ್ತದೆ. ಆಮೇಲೆ ಸೋಲ್ಡರ್ ಚೆನ್ನಾಗಿಯೇ ಹಿಡಿಯುತ್ತದೆ. ಮತ್ತೆ ಡಿಶ್ ಕೇಬಲ್ಲೂ 75 ಓಮಿನದೇ ಅಲ್ಲವಾ, ಹಳದಿಗೆ ಅದನ್ನೇ ಹಾಕಿದರೆ ಇನ್ನೂ ಒಳ್ಳೆಯದು. ಫ್ಲಕ್ಸ್ ಇಲ್ಲದಿದ್ದರೆ ಧೂಪದ ಮರದ ರಾಳ ಮನೆಯಲ್ಲಿ ಇರುತ್ತದೆ.

ಸೀಸದ ಕಡ್ಡಿ:

ವರದಾಮೂಲ ಅವರೇ, ಹಂಡೆಗೆ ಹುಳಿ ಸರಿ, ಯಾಕೆಂದರೆ ಹಂಡೆಯನ್ನು ಆಮೇಲೆ ಕೊಡಗಟ್ಟಲೆ ನೀರಲ್ಲಿ ತೊಳೆಯುತ್ತೇವೆ. ಕೂದಲೆಳೆಯಂಥ ಇಪ್ಪತ್ತು ತಂತಿ ಸೇರಿದ ಕಡೆ ಹುಳಿನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಸಿಪ್ಪೆಯೊಳಕ್ಕೆ ಏರುತ್ತದೆ. ಅಲ್ಲಿಂದ ಅದನ್ನು ತೊಳೆದು ತೆಗೆಯಲಾಗದು. ಹುಳಿಯ ಜೊತೆ ಉಪ್ಪೂ ಸೇರಿದೆ, ನಮ್ಮ ಮಳೆಗಾಲದ ತೇವವೂ ಸೇರುತ್ತದೆ. ಮಾಡಿದ ದಿನ ಕೆಂಪಗೆ ಹೊಳೆದು ಸೋಲ್ಡರೂ ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ಬೆಸುಗೆಯ ಹಿಂದೆಯೇ ಹಸಿರು ಪುಡಿ ಎದ್ದು ಎಳೆಗಳು ಒಂದೊಂದಾಗಿ ಬಿಡುತ್ತವೆ. ನಲ್ಲಿ ಕೆಲಸದವರು ಬಳಸುವ ಆಮ್ಲದ ಪೇಸ್ಟೂ ಇದೇ ಕಾರಣಕ್ಕೆ ಬೇಡ.

ಕಪ್ಪಿಗೆ ಮದ್ದು ಕತ್ತರಿ. ತುದಿಯಿಂದ ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತ ಸಿಪ್ಪೆ ಬಿಡಿಸಿ ನೋಡಿ, ಹೊಳೆಯುವ ತಾಮ್ರ ಸಿಗುವ ತನಕ. ತೇವ ಒಳಗೆ ಬರುವುದು ತುದಿಯಿಂದ, ಹಾಗಾಗಿ ಹೆಚ್ಚಾಗಿ ಹತ್ತು-ಹದಿನೈದು ಸೆಂಟಿಮೀಟರ್ ಒಳಗೆ ಒಳ್ಳೆಯ ತಾಮ್ರ ಸಿಗುತ್ತದೆ. ಒಂದು ಮೊಳ ಕತ್ತರಿಸಿದರೂ ಕಪ್ಪೇ ಇದ್ದರೆ ಆ ತಂತಿಯ ಆಸೆ ಬಿಡಿ, ಇನ್ನೊಂದು ನೋಡಿ. ಸ್ವಲ್ಪ ಮಂಕಾಗಿದೆ ಅಷ್ಟೆ ಎಂದಾದರೆ ನುಣುಪು ಮರಳುಕಾಗದ ಮಡಚಿ ನಡುವೆ ಎಳೆಗಳನ್ನು ಎರಡು ಸಲ ಎಳೆದು, ಫ್ಲಕ್ಸ್ ಹಚ್ಚಿದರೆ ಹಿಡಿಯುತ್ತದೆ.

ಫ್ಲಕ್ಸ್‌ನಲ್ಲಿರುವುದೂ ಮರದ ರಾಳವೇ, ಆದರೆ ಪೈನ್ ಮರದ್ದು. ಅದರಲ್ಲಿರುವ ಅಬಿಟಿಕ್ ಆಮ್ಲ ಬಿಸಿಯಾದಾಗ ಮಾತ್ರ ತಾಮ್ರದ ಆಕ್ಸೈಡನ್ನು ತಿನ್ನುತ್ತದೆ, ಆರಿದ ಮೇಲೆ ಗಟ್ಟಿಯಾಗಿ ಸುಮ್ಮನಿರುತ್ತದೆ. ಧೂಪದ ರಾಳ ಬೇರೆ ಜಾತಿಯದು. ಅದು ದೇವರ ಮುಂದೆಯೇ ಇರಲಿ.

ಎಳೆಗಳು ಬೆಳ್ಳಗಿದ್ದರೆ ಇನ್ನೊಂದು ಪರೀಕ್ಷೆ ಇದೆ. ಬ್ಲೇಡಿನಿಂದ ಕೆರೆಯಿರಿ. ಕೆರೆದಾಗ ಒಳಗೆ ಕೆಂಪು ಕಂಡರೆ ತವರ ಲೇಪಿಸಿದ ತಾಮ್ರ, ಎಲ್ಲಕ್ಕಿಂತ ಒಳ್ಳೆಯದು. ಮೇಲೆ ಕೆಂಪಿದ್ದು ಕೆರೆದರೆ ಒಳಗೆ ಬಿಳಿ ಕಂಡರೆ ತಾಮ್ರದ ಲೇಪದ ಅಲ್ಯೂಮಿನಿಯಂ. ಅದಕ್ಕೆ ಒಂದೇ ಸಲ, ಬೇಗ ಬೆಸುಗೆ ಹಾಕಬೇಕು. ಮತ್ತೆ ಮತ್ತೆ ಬಿಸಿ ಮಾಡಿದರೆ ತಾಮ್ರದ ತೆಳು ಲೇಪ ಸೋಲ್ಡರಿನಲ್ಲಿ ಕರಗಿಹೋಗಿ ಉಳಿದ ಅಲ್ಯೂಮಿನಿಯಂಗೆ ಏನೂ ಅಂಟುವುದಿಲ್ಲ.

ಡಿಶ್ ಕೇಬಲ್ಲಿನ ಕಥೆಯೂ ಅಲ್ಯೂಮಿನಿಯಂನದೇ. 75 ಓಮ್ ಎಂಬುದು ಸರಿ, ಆದರೆ ಡಿಶ್ಶಿಗೆ ಹಾಕುವ ಆರ್‌ಜಿ-6 ಎಂಬ ಕೇಬಲ್ಲಿನ ಹೊರಗಿನ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಅದರ ಕೆಳಗಿನ ಹಾಳೆಯೂ ಅಲ್ಯೂಮಿನಿಯಂ. ಎಷ್ಟು ಬಿಸಿ ಮಾಡಿದರೂ ಸೋಲ್ಡರ್ ಹಿಡಿಯದು. ನಡುವಿನ ತಂತಿ 1 ಮಿಲಿಮೀಟರಿನ ಗಟ್ಟಿ ಒಂಟಿ ತಂತಿ, ಹೆಚ್ಚಿನದರಲ್ಲಿ ತಾಮ್ರ ಲೇಪಿಸಿದ ಉಕ್ಕು, ಆರ್‌ಸಿಎ ಪಿನ್ನಿನ ಬುಡದಲ್ಲಿ ಬಗ್ಗಿಸಿದರೆ ಪಿನ್ನನ್ನೇ ಓರೆ ಮಾಡುತ್ತದೆ. ಹಾಗೆಂದು ಬಳಸಲೇಬಾರದು ಎಂದಲ್ಲ. ಎರಡೂ ತುದಿಗೆ ಎಫ್ ಕನೆಕ್ಟರ್ (ಡಿಶ್ ಕೇಬಲ್ಲಿಗೆ ಹಾಕುವ ತಿರುಗಿಸುವ ಪಿನ್ನು) ಹಾಕಿ, ಮೇಲೆ ಎಫ್‌ನಿಂದ ಆರ್‌ಸಿಎಗೆ ಬದಲಿಸುವ ಅಡಾಪ್ಟರ್ ತಿರುಗಿಸಿದರೆ ಸೋಲ್ಡರೇ ಬೇಡ. ಹತ್ತು-ಹದಿನೈದು ಮೀಟರ್ ದೂರಕ್ಕೆ ವಿಡಿಯೋ ಒಯ್ಯುವುದಾದರೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಗಟ್ಟಿ ದಾರಿ. ಸಿಪ್ಪೆ ಬಿಡಿಸುವಾಗ ನಡುವಿನ ತಂತಿ ಎಫ್ ಕನೆಕ್ಟರಿನ ಅಂಚಿಗಿಂತ ಎರಡು-ಮೂರು ಮಿಲಿಮೀಟರ್ ಮುಂದೆ ಬರಬೇಕು, ಜಾಲರಿಯ ಒಂದು ಎಳೆಯೂ ಅದಕ್ಕೆ ತಾಗಬಾರದು. ಆದರೆ 3 ಮೀಟರಿಗೆ, ಮೇಜಿನ ಮೇಲೆ, ಆ ಬಡಿಗೆಯಂಥ ಕೇಬಲ್ಲಿನ ಭಾರಕ್ಕೆ ಕ್ಯಾಪ್ಚರ್ ಡಬ್ಬಿಯ ತೂತೇ ಸಡಿಲವಾಗುತ್ತದೆ.

ಕೊಡಚಾದ್ರಿ ಬುಡ:

ಕೆಂಪು ತಂತಿಯಲ್ಲಿ 8 ಸೆಂಟಿಮೀಟರ್ ಕತ್ತರಿಸಿದ ಮೇಲೆ ಒಳ್ಳೆಯ ತಾಮ್ರ ಸಿಕ್ಕಿತು. ಕೆರೆದು ನೋಡಿದೆ, ಪೂರ್ತಿ ತಾಮ್ರವೇ. ಬಿಳಿಯಲ್ಲಿ ಕಡ್ಡಿಯಿಂದ ಕಡ್ಡಿಗೆ 0.9 ಓಮ್, ಬಳೆಯಿಂದ ಬಳೆಗೆ ಏನೂ ಇಲ್ಲ, ಅಂದರೆ ನೀವಂದ ಹಾಗೆ ಶೀಲ್ಡ್ ಹೋಗಿದೆ. ಎರಡು ತುದಿಯಲ್ಲಿ ಯಾವ ಕಡೆ ಕತ್ತರಿಸಬೇಕು ಎಂದು ತಿಳಿಯುವುದು ಹೇಗೆ? ಬಗ್ಗಿಸಿದರೂ ಬೀಪ್ ಬರುತ್ತಿಲ್ಲ. ಡಬ್ಬಿಯಲ್ಲಿ ಸಿಕ್ಕ ಕಡ್ಡಿಯ ವಿಷಯವೂ ಬಾಕಿ ಇದೆ.

ಮೀಟರ್ ಮುಳ್ಳು:

ನಿಮ್ಮ ಮೀಟರಿನಲ್ಲಿ ಕೆಪಾಸಿಟರ್ ಅಳೆಯುವ ರೇಂಜ್ ಇದ್ದರೆ ಕತ್ತರಿಸದೆ ತಿಳಿಯಬಹುದು. ಎರಡೂ ತುದಿ ಎಲ್ಲಿಗೂ ಸಿಕ್ಕಿಸದೆ ಬಿಡಿ. ಒಂದು ತುದಿಯ ಕಡ್ಡಿಗೂ ಬಳೆಗೂ ನಡುವೆ ಅಳೆಯಿರಿ, ಆಮೇಲೆ ಇನ್ನೊಂದು ತುದಿಯಲ್ಲಿ. ಶೀಲ್ಡ್ ತಂತಿ ಎಂದರೆ ಉದ್ದಕ್ಕೂ ಹರಡಿದ ಕೆಪಾಸಿಟರ್. ಒಳ್ಳೆಯ 75 ಓಮಿನ ಕೋಆಕ್ಸಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 67 ಪೀಕೋಫ್ಯಾರಡ್, ಆಡಿಯೋ ತಂತಿಗೆ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ. 3 ಮೀಟರಿಗೆ ಇನ್ನೂರು-ಮುನ್ನೂರು ಬರಬೇಕು. ಒಂದು ತುದಿಯಲ್ಲಿ ಅಷ್ಟು ಬಂದು ಇನ್ನೊಂದರಲ್ಲಿ ಹತ್ತೋ ಇಪ್ಪತ್ತೋ ಬಂದರೆ ಆ ಕಡಿಮೆ ಬಂದ ಪಿನ್ನಿನ ಬುಡದಲ್ಲೇ ಕಡಿದಿದೆ. ಎರಡೂ ಕಡೆ ಅರ್ಧರ್ಧ ಬಂದರೆ ಕೇಬಲ್ಲಿನ ನಡುವೆ ಇಲಿ ಕಡಿದಿದೆಯಾ ನೋಡಿ. ಈ ರೇಂಜ್ ಇಲ್ಲದಿದ್ದರೆ ಸೂಜಿಯ ಉಪಾಯ: ಪಿನ್ನಿನಿಂದ ಆರು ಸೆಂಟಿಮೀಟರ್ ದೂರದಲ್ಲಿ ಹೊರಸಿಪ್ಪೆಗೆ ಮಾತ್ರ ಹೊಲಿಗೆ ಸೂಜಿಯನ್ನು ಓರೆಯಾಗಿ ಚುಚ್ಚಿ ಶೀಲ್ಡಿಗೆ ತಾಗಿಸಿ, ಅಲ್ಲಿಂದ ಬಳೆಗೆ ಅಳೆಯಿರಿ. ಬೀಪ್ ಬರದ ಕಡೆ ಕತ್ತರಿಸಿ. ಚುಚ್ಚಿದ ತೂತಿಗೆ ಟೇಪು ಸುತ್ತಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ಕಪ್ಪು ಶುರು.

ಸಿಕ್ಕ ಕಡ್ಡಿ. ಡಬ್ಬಿಯನ್ನು ಕಂಪ್ಯೂಟರಿನಿಂದ ಬಿಡಿಸಿ. ಕಡ್ಡಿ ಸುಮಾರು 3.2 ಮಿಲಿಮೀಟರ್ ದಪ್ಪ. ಅಗ್ಗದ ಪಿನ್ನುಗಳಲ್ಲಿ ಹೆಚ್ಚಾಗಿ ಅದು ಟೊಳ್ಳು ಕೊಳವೆ. ಟಾರ್ಚ್ ಬಿಟ್ಟು ನೋಡಿ. ಟೊಳ್ಳಾಗಿದ್ದರೆ ಅದರ ತೂತಿಗಿಂತ ಒಂದು ಕೂದಲಷ್ಟು ದಪ್ಪವಿರುವ ಚೂಪು ತುದಿಯ ಸಣ್ಣ ಸ್ಕ್ರೂ ತಗೊಂಡು ಬೆರಳಿನಲ್ಲೇ ಎರಡು ಸುತ್ತು ತಿರುಗಿಸಿ, ಕಚ್ಚಿಕೊಂಡ ಮೇಲೆ ನೋಸ್ ಪ್ಲೈಯರಿನಿಂದ ನೇರ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಒತ್ತಿ ತಿರುಗಿಸಿದರೆ ಕಡ್ಡಿ ಒಳಗೆ ಸರಿದು ತೂತಿನ ಒಳಗಿನ ಸ್ಪ್ರಿಂಗ್ ಎಲೆ ಅಗಲವಾಗುತ್ತದೆ, ಆಮೇಲೆ ಯಾವ ಪಿನ್ನು ಹಾಕಿದರೂ ಸಡಿಲವೇ. ಗಟ್ಟಿ ಕಡ್ಡಿಯಾಗಿದ್ದು ಸ್ವಲ್ಪವಾದರೂ ಹೊರಗೆ ಕಂಡರೆ ಚೂಪು ಮೂತಿಯ ಚಿಮಟ. ಕಾಣದಿದ್ದರೆ ಡಬ್ಬಿಯನ್ನು ಬಿಚ್ಚಿ ನೋಡುವುದೇ ಸರಿ. ಫೆವಿಕ್ವಿಕ್ ಹಚ್ಚಿ ಎಳೆಯಲು ಹೋಗಬೇಡಿ. ಅದು ನೀರಿನ ಹಾಗೆ ಇಳಿದು ಕಡ್ಡಿ, ಎಲೆ, ಪ್ಲಾಸ್ಟಿಕ್ ಎಲ್ಲವನ್ನೂ ಒಂದು ಮಾಡುತ್ತದೆ.

ಅಥವಾ ಬಿಟ್ಟೇಬಿಡಿ. ಮೋನೋ ವಿಸಿಆರಿಗೆ ಬಿಳಿ ತೂತೊಂದೇ ಸಾಕು. ರೆಕಾರ್ಡ್ ಎಡಗಡೆಯಲ್ಲಿ ಮಾತ್ರ ಆಗುತ್ತದೆ, ಎಡಿಟ್ ಮಾಡುವಾಗ ಎಡದ್ದನ್ನೇ ಬಲಕ್ಕೂ ನಕಲು ಮಾಡಿದರೆ ಮುಗಿಯಿತು.

ಇನ್ನೊಂದು ಮಾತು. ಕೇಬಲ್ ಸರಿಮಾಡಿದ ಮೇಲೂ ಗುಂಯ್ ಸದ್ದು ಸಣ್ಣಗೆ ಉಳಿದರೆ ಮತ್ತೆ ಪಿನ್ನು ಬಿಚ್ಚಬೇಡಿ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ತಪ್ಪು ಕೇಬಲ್ಲಿನದಲ್ಲ. ಚಾರ್ಜರಿನ ಮೂರನೇ ಪಿನ್ನಿನ ಅರ್ಥಿಂಗು ಒಂದು ಕಡೆ, ವಿಸಿಆರಿಗೆ ಸಿಕ್ಕಿಸಿದ ಆಂಟೆನಾ ಅಥವಾ ಕೇಬಲ್ ಟಿವಿ ತಂತಿಯ ಅರ್ಥಿಂಗು ಇನ್ನೊಂದು ಕಡೆ, ನಡುವೆ ನಿಮ್ಮ ಶೀಲ್ಡಿನಲ್ಲಿ ಕರೆಂಟು ಸುತ್ತುತ್ತಿದೆ. ಆಂಟೆನಾ ತಂತಿ ಕಳಚಿಡಿ, ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಅರ್ಥ್ ಪಿನ್ನು ಮುರಿದು ಸದ್ದು ನಿಲ್ಲಿಸುವ ಬುದ್ಧಿವಂತಿಕೆ ಮಾತ್ರ ಬೇಡ.

ಹೊಸಬ ಸೊರಬ:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಸೆಟ್‌ಟಾಪ್ ಬಾಕ್ಸಿಗೆ 3.5 ಎಂಎಂ ಪಿನ್ನು, ಇನ್ನೊಂದು ಕಡೆ ಇದೇ ಮೂರು ಬಣ್ಣ. ಆ ಸಣ್ಣ ಪಿನ್ನು ಹೋದರೆ? ಎಚ್‌ಡಿಎಂಐ ಪಿನ್ನೂ ಹೀಗೇ ಹಾಕಬಹುದಾ?

ಸೀಸದ ಕಡ್ಡಿ:

3.5 ಹಾಕಬಹುದು, ನಾಲ್ಕು ಭಾಗದ್ದು ಎಂದು ಕೇಳಿ ತನ್ನಿ. ತುದಿ, ಎರಡು ಉಂಗುರ, ಬುಡ ಎಂದು ನಾಲ್ಕು ಲೋಹದ ಭಾಗ, ನಡುವೆ ಮೂರು ಕಪ್ಪು ಗೆರೆ ಇರುತ್ತವೆ. ಯಾವುದಕ್ಕೆ ಯಾವುದು ಎಂಬುದು ಎಲ್ಲ ಉಪಕರಣಕ್ಕೂ ಒಂದೇ ಅಲ್ಲ, ಕೆಲವದರಲ್ಲಿ ಗ್ರೌಂಡ್ ಎರಡನೇ ಉಂಗುರ, ಕೆಲವದರಲ್ಲಿ ಬುಡ. ಆದ್ದರಿಂದ ಹಳೆ ಪಿನ್ನು ಕತ್ತರಿಸುವ ಮೊದಲೇ ಮೂರು ಬಣ್ಣದ ಕಡ್ಡಿಯಿಂದ ಪ್ರತಿ ಭಾಗಕ್ಕೂ ಮೀಟರ್ ಇಟ್ಟು ಕಾಗದದಲ್ಲಿ ಚಿತ್ರ ಬರೆದುಕೊಳ್ಳಿ. ಕತ್ತರಿಸಿದ ಮೇಲೂ ತುಂಡನ್ನು ಎಸೆಯಬೇಡಿ. ತಂತಿ ಬಣ್ಣ ಬಣ್ಣದ ತೀರಾ ತೆಳು ಎಳೆಗಳಾಗಿದ್ದರೆ ಆ ಬಣ್ಣವೇ ಎನಾಮಲ್, ಅಂದರೆ ಕರೆಂಟು ದಾಟದ ಲೇಪ. ಬಿಟ್ಟಿನ ಮೇಲೆ ದಪ್ಪ ಹನಿ ಸೋಲ್ಡರ್ ಇಟ್ಟು ಅದರೊಳಗೆ ತುದಿಯನ್ನು ನಾಲ್ಕೈದು ಸೆಕೆಂಡು ಅದ್ದಿದರೆ ಸುಟ್ಟುಹೋಗಿ ಸೋಲ್ಡರ್ ಹಿಡಿಯುತ್ತದೆ.

ಎಚ್‌ಡಿಎಂಐ ಬೇಡ. 19 ಸಂಪರ್ಕ, ಅದರಲ್ಲಿ ನಾಲ್ಕು ಜೋಡಿ ಅತಿವೇಗದ ಸಿಗ್ನಲ್, ಜೋಡಿಯ ಹೊಸೆತ ಒಂದು ಸೆಂಟಿಮೀಟರ್ ಬಿಚ್ಚಿದರೂ ಚಿತ್ರದಲ್ಲಿ ಚುಕ್ಕಿ ಬೀಳಬಹುದು. ಅದಕ್ಕೆ ಹೊಸ ಕೇಬಲ್ಲೇ ಸರಿ.

ತೀರ್ಥಹಳ್ಳಿ ಮೈಕ್‌ಸೆಟ್:

ಕೊಡಚಾದ್ರಿಯವರೇ, ಕೇಬಲ್ಲು ಸರಿಯಾಯ್ತು ಅಂತ ಖುಷೀಲಿ ಅಟ್ಟದ ಕ್ಯಾಸೆಟ್ಟನ್ನು ನೇರ ವಿಸಿಆರಿಗೆ ತುರುಕಬೇಡಿ. ಕಿಟಕಿ ಹತ್ರ ಹಿಡಿದು ಸುರುಳಿಯ ಅಂಚು ನೋಡಿ. ಬೆಳ್ಳಗೆ ಹಿಟ್ಟು ಚೆಲ್ಲಿದ ಹಾಗೆ ಕಂಡ್ರೆ ಅದು ಬೂಷ್ಟು. ಒಂದು ಬೂಷ್ಟಿನ ಕ್ಯಾಸೆಟ್ ಓಡಿಸಿದ್ರೆ ಹೆಡ್ಡಿಗೆ ಮೆತ್ಕೊಳ್ಳುತ್ತೆ, ಆಮೇಲೆ ಹಾಕೋ ಚೆನ್ನಾಗಿರೋ ಕ್ಯಾಸೆಟ್ಟಿಗೂ ಅಂಟುತ್ತೆ. ಅಂಥದ್ದನ್ನು ಬೇರೆ ಇಡಿ.

ಕೊಡಚಾದ್ರಿ ಬುಡ:

ಬಿಳಿಯದು ಆಯಿತು, ಕಡಿದದ್ದು ವಿಸಿಆರ್ ಕಡೆಯ ತುದಿಯಲ್ಲಿ. ಈಗ ಬಳೆಯಿಂದ ಬಳೆಗೆ 0.7 ಓಮ್, ಸದ್ದು ಸ್ವಚ್ಛ. ಕೆಂಪು ತಂತಿಯನ್ನು ವಿಡಿಯೋಗೆ ಹಾಕಿದೆ, ಚಿತ್ರ ನಿಂತಿದೆ, ಮುಟ್ಟಿದರೂ ಉರುಳುವುದಿಲ್ಲ. ಆದರೆ ಕೆಂಪಿಗೆ ಬೆಸುಗೆ ಹಾಕಿ ಮುಗಿಸಿ ನೋಡಿದರೆ ಮುಚ್ಚಳ ಮೇಜಿನ ಮೇಲೇ ಇದೆ. ಇನ್ನೊಂದು ತುದಿ ಎರಕದ ಪಿನ್ನು, ಆ ಕಡೆಯಿಂದಲೂ ಪೋಣಿಸಲಾಗದು. ಬೆಸುಗೆ ಚೆನ್ನಾಗಿ ಬಂದಿದೆ, ಬಿಚ್ಚಲು ಮನಸ್ಸಿಲ್ಲ.

ಸೀಸದ ಕಡ್ಡಿ:

ಬಿಚ್ಚಬೇಡಿ. 12 ಮಿಲಿಮೀಟರಿನ ಹೀಟ್ ಶ್ರಿಂಕ್ ಸ್ಲೀವ್ ತರಿಸಿ. ಪಿನ್ನಿನ ಬಳೆ ಹತ್ತಿರ ಹತ್ತಿರ 10 ಮಿಲಿಮೀಟರ್, ಮುಂದಿನಿಂದಲೇ ದಾಟುತ್ತದೆ. ಮಾಮೂಲಿ ಸ್ಲೀವ್ ಅರ್ಧಕ್ಕೆ ಕುಗ್ಗುತ್ತದೆ, ಅಂದರೆ 6ಕ್ಕೆ ನಿಲ್ಲುತ್ತದೆ, ನಿಮ್ಮ ತಂತಿ ಅದಕ್ಕಿಂತ ತೆಳು. ಹಾಗಾಗಿ ಮೊದಲು ಬಾಲದ ಹಿಂದಿನ ತಂತಿಗೆ ಎರಡು ಸೆಂಟಿಮೀಟರ್ ಉದ್ದಕ್ಕೆ ಇನ್ಸುಲೇಷನ್ ಟೇಪು ಸುತ್ತಿ 7 ಮಿಲಿಮೀಟರಷ್ಟು ದಪ್ಪ ಮಾಡಿ. ನಡುವಿನ ಬೆಸುಗೆಗೂ ಬಾಲಕ್ಕೂ ನಡುವೆ ಚಿಕ್ಕ ತುಂಡು ಟೇಪು ಇಡಿ. ಆಮೇಲೆ 4 ಸೆಂಟಿಮೀಟರ್ ಸ್ಲೀವನ್ನು ಬಳೆಯ ಹಿಂಭಾಗದಿಂದ ತಂತಿಯವರೆಗೆ ಬರುವ ಹಾಗೆ ಕೂರಿಸಿ, ಲೈಟರನ್ನು ಎರಡು ಇಂಚು ಕೆಳಗೆ ಹಿಡಿದು ಪಿನ್ನನ್ನು ತಿರುಗಿಸುತ್ತ ಬಿಸಿ ಮಾಡಿ. ಬಳೆಯ ಮುಂದಿನ ಸೀಳುಗಳ ಮೇಲೆ ಸ್ಲೀವ್ ಬರಬಾರದು, ಅವು ತೂತಿನ ಮೇಲೆ ಅರಳಿ ಹಿಡಿಯಬೇಕಾದ ಭಾಗ.

ಸ್ಲೀವ್ ಬರುವ ತನಕ ಹಾಗೇ ಬಳಸುವುದಾದರೆ ಬರಿಯ ಬಾಲ ಪಕ್ಕದ ಬಿಳಿ ಪಿನ್ನಿಗೆ ತಾಗದ ಹಾಗೆ ಎರಡು ಸುತ್ತು ಟೇಪು ಸಾಕು.